ಮನೆಯ ಮೀನಿನ ತೊಟ್ಟಿಗೆ ಏರ್ ಪಂಪ್ ಬೇಕೇ? ನೋಡಿ ತೀರ್ಮಾನಿಸುವ, ಸರಿಯಾಗಿ ಜೋಡಿಸುವ ಕ್ರಮ

ಏಪ್ರಿಲ್ ಬಂತೆಂದರೆ ದಾವಣಗೆರೆಯ ಪರಿಚಯದವರಿಂದ ನನಗೆ ಬರುವ ಫೋನ್ ಹೆಚ್ಚುಕಡಿಮೆ ಒಂದೇ. “ಅಣ್ಣಾ, ಬೆಳಗ್ಗೆ ಎದ್ದು ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ. ಪಂಪ್ ಇದೆ, ಗುಳ್ಳೆಯೂ ಬರುತ್ತಿದೆ. ಮತ್ತೇಕೆ ಹೀಗೆ?” ಇನ್ನು ಕೆಲವರು ಒಂದೇ ಒಂದು ಫೈಟರ್ ಮೀನಿನ ಬಟ್ಟಲಿಗೆ ದೊಡ್ಡ ಪಂಪ್ ಹಾಕಿ, ಆ ಮೀನು ದಿನವಿಡೀ ನೀರಿನ ಸೆಳೆತಕ್ಕೆ ಸಿಕ್ಕಿ ಬಳಲುವುದನ್ನು ನೋಡುತ್ತಿರುತ್ತಾರೆ. ಇಬ್ಬರ ತಪ್ಪೂ ಒಂದೇ: ತೊಟ್ಟಿಯನ್ನು ನೋಡದೆ ಅಂಗಡಿಯಲ್ಲಿ ಪಂಪ್ ಕೊಂಡದ್ದು. ಕೊಳ್ಳುವುದು ಐದನೆಯ ಹಂತದ ಕೆಲಸ. ಅದಕ್ಕೆ ಮೊದಲಿನ ನಾಲ್ಕು ಹಂತಗಳನ್ನು ದಯವಿಟ್ಟು ಬಿಡಬೇಡಿ.

ಆರಂಭಿಸುವ ಮುನ್ನ ಒಂದು ವಿಷಯ ತಿಳಿದಿರಲಿ. ಆಮ್ಲಜನಕ ನೀರಿಗೆ ಸೇರುವುದು ಮುಖ್ಯವಾಗಿ ನೀರಿನ ಮೇಲ್ಮೈಯಿಂದ. ಒಂದೂವರೆ ಅಡಿ ಆಳದ ತೊಟ್ಟಿಯಲ್ಲಿ ಗುಳ್ಳೆ ತಳದಿಂದ ಮೇಲೇರಲು ಒಂದೆರಡು ಕ್ಷಣ ಸಾಕು, ಅಷ್ಟರಲ್ಲಿ ಅದರಿಂದ ನೀರಿಗೆ ಇಳಿಯುವ ಆಮ್ಲಜನಕ ಅಲ್ಪ. ಗುಳ್ಳೆಗಳ ನಿಜವಾದ ಉಪಕಾರ ಬೇರೆ. ಅವು ತಳದ ನೀರನ್ನು ಮೇಲಕ್ಕೆ ತರುತ್ತವೆ, ಮೇಲ್ಮೈಯನ್ನು ಒಡೆದು ಅಲುಗಿಸುತ್ತವೆ. ಅಲುಗುವ ಮೇಲ್ಮೈ ಆಮ್ಲಜನಕವನ್ನು ಒಳಗೆಳೆದುಕೊಳ್ಳುತ್ತದೆ, ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೊರಗೆ ಬಿಡುತ್ತದೆ. ಈ ಕೆಲಸವನ್ನು ಬೇರೆ ಯಾವುದಾದರೂ ಸಾಧನ ಮಾಡುತ್ತಿದ್ದರೆ ಪಂಪಿನ ಅಗತ್ಯವಿಲ್ಲ. ಯಾವುದೂ ಮಾಡುತ್ತಿಲ್ಲದಿದ್ದರೆ ಸಾಮಾನ್ಯವಾಗಿ ಬೇಕು.

## ಹಂತ 1: ಮೇಲ್ಮೈ ಅಲುಗುತ್ತಿದೆಯೇ ಪರೀಕ್ಷಿಸಿ

ಇದಕ್ಕೆ ನಮ್ಮೂರಿನ ಎಲ್ಲರ ಮನೆಯಲ್ಲೂ ಇರುವ ಸಾಮಾನು ಸಾಕು: ಒಗ್ಗರಣೆ ಹಾಕದ, ಉಪ್ಪಿಲ್ಲದ ಒಂದು ಕಾಳು ಮಂಡಕ್ಕಿ. ಫಿಲ್ಟರ್ ಓಡುತ್ತಿರುವಾಗ ಅದನ್ನು ನೀರಿನ ಮೇಲೆ ಬಿಟ್ಟು ಎರಡು ನಿಮಿಷ ಗಮನಿಸಿ. ಕಾಳು ತೊಟ್ಟಿಯ ಉದ್ದಕ್ಕೂ ಸಾಗಿ, ಗಾಜಿಗೆ ತಾಗಿ, ಮತ್ತೆ ತಿರುಗಿ ಬಂದರೆ ಮೇಲ್ಮೈಯಲ್ಲಿ ಚಲನೆ ಇದೆ. ಒಂದು ಮೂಲೆಗೆ ಹೋಗಿ ಅಲ್ಲೇ ನಿಂತರೆ ಆ ಭಾಗದ ನೀರು ನಿಂತ ನೀರು. ನೋಡಿದ ಮೇಲೆ ಕಾಳನ್ನು ಎತ್ತಿ ಹಾಕಿ, ಒಳಗೆ ಕೊಳೆಯಲು ಬಿಡಬೇಡಿ.

ಆಮೇಲೆ ಕಣ್ಣನ್ನು ನೀರಿನ ಮಟ್ಟಕ್ಕಿಂತ ತುಸು ಮೇಲಿಟ್ಟು ಓರೆಯಾಗಿ ನೋಡಿ. ಟ್ಯೂಬ್‌ಲೈಟಿನ ಬಿಂಬ ಒಡೆಯದೆ ನೇರವಾಗಿ ಕಂಡರೆ ಚಲನೆ ಸಾಲದು. ಬಿಂಬದ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುಪೊರೆ ಕಂಡರೆ ಅದು ಎಣ್ಣೆಯದು. ನಡುಮನೆಗೇ ಅಡುಗೆಮನೆಯ ಬಾಗಿಲು ತೆರೆದುಕೊಳ್ಳುವ ಮನೆಗಳಲ್ಲಿ ಮೆಣಸಿನಕಾಯಿ ಬಜ್ಜಿ ಕರಿದ ಎಣ್ಣೆಯ ಹಬೆ ತೊಟ್ಟಿಯ ಮೇಲೆ ಬಂದು ಕೂರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ತಲೆಗೆ ಎಣ್ಣೆ ಹಚ್ಚಿದ ಕೈಯನ್ನೇ ನೀರಿಗೆ ಹಾಕಿದರೂ ಹೀಗಾಗುತ್ತದೆ. ಮೀನಿನ ಆಹಾರದ ಜಿಡ್ಡಿನಿಂದಲೂ ಪೊರೆ ಕಟ್ಟುತ್ತದೆ. ಈ ಪೊರೆ ಗಾಳಿ ಮತ್ತು ನೀರಿನ ನಡುವೆ ಅಡ್ಡ ನಿಲ್ಲುತ್ತದೆ. ಒಂದು ಟಿಶ್ಯೂ ಕಾಗದವನ್ನು ಮೇಲ್ಮೈಯ ಮೇಲೆ ಹಾಸಿ, ನಿಧಾನವಾಗಿ ಎಳೆದು ತೆಗೆಯಿರಿ. ಎರಡು ಮೂರು ಬಾರಿ ಹೀಗೆ ಮಾಡಿದರೆ ಪೊರೆ ಹೋಗುತ್ತದೆ.

ಈಗಾಗಲೇ ಒಳಗೆ ಪವರ್ ಫಿಲ್ಟರ್ (ಮೋಟಾರಿನಿಂದ ನೀರನ್ನು ಎಳೆದು ಸೋಸಿ ಹೊರಬಿಡುವ ಸಾಧನ) ಇದ್ದರೆ ಪಂಪ್ ಕೊಳ್ಳುವ ಮೊದಲು ಅದರ ಬಾಯಿಯನ್ನು ಸರಿಪಡಿಸಿ. ಬಹಳ ಮಂದಿ ಅದನ್ನು ತೊಟ್ಟಿಯ ನಡುಮಟ್ಟದಲ್ಲಿ ಅಂಟಿಸಿರುತ್ತಾರೆ. ನೀರು ಹೊರಬರುವ ಬಾಯಿ ಮೇಲ್ಮೈಯಿಂದ ಸುಮಾರು ಅರ್ಧ ಅಂಗುಲ ಕೆಳಗಿರಲಿ, ಕೊಂಚ ಮೇಲ್ಮುಖವಾಗಿರಲಿ. ಮತ್ತೆ ಮಂಡಕ್ಕಿ ಬಿಟ್ಟು ನೋಡಿ. ಎಷ್ಟೋ ತೊಟ್ಟಿಗಳ ಸಮಸ್ಯೆ ಇಷ್ಟರಲ್ಲೇ ತೀರಿ ಹೋಗುತ್ತದೆ.

## ಹಂತ 2: ಮೀನು ಎಷ್ಟು, ತೊಟ್ಟಿಯ ಬಾಯಿ ಎಷ್ಟು

ತೊಟ್ಟಿ ಎಷ್ಟು ಲೀಟರಿನದು ಎಂದು ಎಲ್ಲರೂ ಹೇಳುತ್ತಾರೆ. ಉಸಿರಾಟದ ಲೆಕ್ಕದಲ್ಲಿ ಮೊದಲು ನೋಡಬೇಕಾದದ್ದು ಮೇಲ್ಮೈಯ ವಿಸ್ತೀರ್ಣ. ಎರಡಡಿ ಉದ್ದ, ಒಂದಡಿ ಅಗಲದ ತೊಟ್ಟಿಯ ಮೇಲ್ಮೈ 24 × 12, ಅಂದರೆ 288 ಚದರ ಅಂಗುಲ. ನೀರನ್ನು ಒಂದಡಿ ತುಂಬಿದರೂ ಒಂದೂಕಾಲು ಅಡಿ ತುಂಬಿದರೂ ಈ ಅಂಕಿ ಬದಲಾಗುವುದಿಲ್ಲ.

ಮೀನು ಸಾಕುವವರಲ್ಲಿ ಹಿಂದಿನಿಂದ ಬಂದ ಒಂದು ಸ್ಥೂಲ ಲೆಕ್ಕವಿದೆ. ಗಪ್ಪಿ, ಮೋಲಿ, ಟೆಟ್ರಾದಂತಹ ಬೆಚ್ಚನೆಯ ನೀರಿನ ಮೀನಿಗೆ ಬಾಲ ಬಿಟ್ಟು ಪ್ರತಿ ಅಂಗುಲ ಉದ್ದಕ್ಕೆ 12 ಚದರ ಅಂಗುಲ ಮೇಲ್ಮೈ, ಗೋಲ್ಡ್‌ಫಿಶ್‌ಗೆ 30 ಚದರ ಅಂಗುಲ. ಹಾಗಾದರೆ ಮೇಲಿನ ತೊಟ್ಟಿಯಲ್ಲಿ ಗಾಳಿಯ ಸಹಾಯವಿಲ್ಲದೆ ಒಟ್ಟು 24 ಅಂಗುಲದಷ್ಟು ಸಣ್ಣ ಮೀನು ಇರಬಹುದು. ಗೋಲ್ಡ್‌ಫಿಶ್ ಆದರೆ ಒಂಬತ್ತೂವರೆ ಅಂಗುಲ, ಅಂದರೆ ಮೂರು ಅಂಗುಲದ ಮೂರೇ ಮೀನು. ನಾನು ನೋಡಿದ ಎರಡಡಿ ತೊಟ್ಟಿಗಳಲ್ಲಿ ಎಂಟು ಹತ್ತು ಗೋಲ್ಡ್‌ಫಿಶ್ ಇರುವುದೇ ಹೆಚ್ಚು. ಅವು ಚಿಕ್ಕವಿದ್ದಾಗ ನಡೆಯುತ್ತದೆ, ಆರು ತಿಂಗಳಲ್ಲಿ ಬೆಳೆದಾಗ ಉಸಿರು ಕಟ್ಟುತ್ತದೆ.

ದುಂಡನೆಯ ಗಾಜಿನ ಬಟ್ಟಲಿನವರು ಒಂದು ಮಾತು ಗಮನಿಸಿ. ಕುತ್ತಿಗೆಯವರೆಗೆ ನೀರು ತುಂಬಿದರೆ ಮೇಲ್ಮೈ ಅಂಗೈಯಷ್ಟಾಗುತ್ತದೆ. ಬಟ್ಟಲು ಅತ್ಯಂತ ಅಗಲವಿರುವ ನಡುಭಾಗದವರೆಗೆ ಮಾತ್ರ ತುಂಬಿ. ನೀರು ಕಡಿಮೆಯಾಯಿತೆಂದು ಅನಿಸಿದರೂ ಮೀನಿಗೆ ಉಸಿರು ಹೆಚ್ಚು ಸಿಗುತ್ತದೆ.

ಫೈಟರ್ ಮತ್ತು ಗೌರಾಮಿ ಈ ಲೆಕ್ಕಕ್ಕೆ ಹೊರಗು. ಇವುಗಳ ತಲೆಯಲ್ಲಿ ಕಿವಿರಿನ ಮೇಲ್ಭಾಗದಲ್ಲಿ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವಿದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದು ಹೋಗುವುದು ಇವುಗಳ ಸಹಜ ಗುಣ, ಗಾಬರಿಯಾಗಬೇಡಿ. ಮುಚ್ಚಳಕ್ಕೂ ನೀರಿಗೂ ನಡುವೆ ಒಂದೆರಡು ಅಂಗುಲ ಜಾಗವನ್ನು ಮಾತ್ರ ತಪ್ಪದೆ ಬಿಡಿ.

## ಹಂತ 3: ನೀರಿನ ಬಿಸಿ ಅಳೆಯಿರಿ

ನಮ್ಮ ಕಡೆ ಎಲ್ಲರೂ ಎಡವುವುದು ಇಲ್ಲಿಯೇ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದ ಲೆಕ್ಕದಲ್ಲಿ 25 ಡಿಗ್ರಿ ಸೆಲ್ಸಿಯಸ್ ಇರುವ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 32 ಡಿಗ್ರಿಯಲ್ಲಿ ಸುಮಾರು 7.3. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಅದಕ್ಕೂ ಎತ್ತರ. ಹಾಗಾಗಿ ಇಲ್ಲಿ ಇನ್ನೂ ತುಸು ಕಡಿಮೆ. ಇವೆಲ್ಲ ನೀರು ತುಂಬಿಕೊಳ್ಳಬಲ್ಲ ಗರಿಷ್ಠ ಪ್ರಮಾಣ. ಮೀನು ತುಂಬಿದ, ನಿಂತ ನೀರಿನ ತೊಟ್ಟಿಯಲ್ಲಿ ಅಷ್ಟು ಇರುವುದಿಲ್ಲ. ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳಿಗೆ ಕಷ್ಟ ಶುರು.

ಇನ್ನೊಂದು ಕಡೆ, ಬಿಸಿ ಏರಿದಂತೆ ಮೀನಿನ ದೇಹದ ಕೆಲಸವೂ ಚುರುಕಾಗಿ ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ. ಒಂದು ಕಡೆ ಪೂರೈಕೆ ಇಳಿಯುತ್ತದೆ, ಇನ್ನೊಂದು ಕಡೆ ಬೇಡಿಕೆ ಏರುತ್ತದೆ. ಜನವರಿಯಲ್ಲಿ ಸುಖವಾಗಿದ್ದ ಅದೇ ತೊಟ್ಟಿ, ಅದೇ ಮೀನು ಏಪ್ರಿಲ್ಲಿನಲ್ಲಿ ಬಾಯಿ ಬಿಡಲು ಕಾರಣ ಇದು.

ಒಂದು ಗಾಜಿನ ಥರ್ಮಾಮೀಟರ್ ತಂದು ತೊಟ್ಟಿಯೊಳಗೆ ಅಂಟಿಸಿ. ಮಧ್ಯಾಹ್ನ ಮೂರು ಗಂಟೆಗೆ ಒಂದು ಸಲ, ಬೆಳಗಿನ ಜಾವ ಒಂದು ಸಲ, ಹೀಗೆ ಮೂರು ದಿನ ಬರೆದಿಟ್ಟುಕೊಳ್ಳಿ. ಆರ್‌ಸಿಸಿ ತಾರಸಿಯ ಕೆಳಗೆ, ಪಶ್ಚಿಮದ ಗೋಡೆಗೆ ಒರಗಿಸಿಟ್ಟ ತೊಟ್ಟಿಯಲ್ಲಿ ನೀರು 30 ಡಿಗ್ರಿ ದಾಟುವುದು ಇಲ್ಲಿ ಅಪರೂಪವಲ್ಲ. ಸಾಧ್ಯವಿದ್ದರೆ ಮೊದಲು ತೊಟ್ಟಿಯ ಜಾಗವನ್ನೇ ಬದಲಿಸಿ.

## ಹಂತ 4: ತೀರ್ಮಾನ

ಮೂರು ಹಂತಗಳ ಫಲಿತಾಂಶವನ್ನು ಎದುರಿಗಿಟ್ಟುಕೊಳ್ಳಿ.

ಪಂಪ್ ಬೇಡ: ಫಿಲ್ಟರ್ ನೀರನ್ನು ಚೆನ್ನಾಗಿ ಅಲುಗಿಸುತ್ತಿದೆ, ಮೀನಿನ ಸಂಖ್ಯೆ ಲೆಕ್ಕದೊಳಗಿದೆ, ನೀರು 28 ಡಿಗ್ರಿಯ ಒಳಗಿದೆ. ಒಂದೇ ಫೈಟರ್ ಇರುವ ತೊಟ್ಟಿಗೂ ಬೇಡ. ಗಿಡಗಳಿಗಾಗಿ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಕೊಡುವವರು ಹಗಲಿನಲ್ಲಿ ಪಂಪ್ ಹಾಕಿದರೆ ಕೊಟ್ಟ ಅನಿಲವೆಲ್ಲ ಹಾರಿಹೋಗುತ್ತದೆ. ಅವರು ದೀಪ ಆರಿಸಿದ ಮೇಲೆ, ಅನಿಲ ನಿಲ್ಲಿಸಿ, ರಾತ್ರಿ ಮಾತ್ರ ಹಾಕಬೇಕು.

ಪಂಪ್ ಬೇಕು: ಫಿಲ್ಟರೇ ಇಲ್ಲ; ಗೋಲ್ಡ್‌ಫಿಶ್ ಹೆಚ್ಚಿವೆ; ಬೇಸಿಗೆಯಲ್ಲಿ ನೀರು 30 ದಾಟುತ್ತದೆ; ಗಿಡ ಒತ್ತೊತ್ತಾಗಿದ್ದು ಬೆಳಗಿನ ಜಾವ ಮೀನು ಮೇಲೆ ಬರುತ್ತದೆ; ಅಥವಾ ತೊಟ್ಟಿಗೆ ಔಷಧ ಹಾಕುತ್ತಿದ್ದೀರಿ. ಫಾರ್ಮಲಿನ್ ಇರುವ ಔಷಧ ನೀರಿನ ಆಮ್ಲಜನಕವನ್ನು ಇಳಿಸುತ್ತದೆ, ಆಗ ಗಾಳಿ ಇಲ್ಲದೆ ಹಾಕಲೇಬಾರದು.

ನನ್ನನ್ನು ಕೇಳಿದರೆ, ನಮ್ಮ ಬಿಸಿಲಿನಲ್ಲಿ ಎರಡಡಿಯ ತೊಟ್ಟಿ ಇಟ್ಟವರು ಒಂದು ಸಣ್ಣ ಪಂಪಿಗೆ ಸ್ಪಾಂಜ್ ಫಿಲ್ಟರ್ ಜೋಡಿಸುವುದೇ ಒಳ್ಳೆಯದು. ಗುಳ್ಳೆ ಮೇಲೇರುವಾಗ ನೀರನ್ನು ಸ್ಪಾಂಜಿನ ಮೂಲಕ ಎಳೆಯುತ್ತದೆ. ಒಂದೇ ಖರ್ಚಿನಲ್ಲಿ ಗಾಳಿಯೂ ಆಯಿತು, ಶುದ್ಧೀಕರಣವೂ ಆಯಿತು. ವಿದ್ಯುತ್ ಬಿಲ್ಲಿನ ಭಯ ಬೇಡ: 3 ವ್ಯಾಟಿನ ಪಂಪ್ ಹಗಲು ರಾತ್ರಿ ಓಡಿದರೂ ತಿಂಗಳಿಗೆ ಎರಡು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

## ಹಂತ 5: ಕೊಳ್ಳಬೇಕಾದ ಸಾಮಾನು

ಏರ್ ಪಂಪ್, ಮೆತ್ತನೆಯ ಸಿಲಿಕಾನ್ ಕೊಳವೆ, ನೀರು ಹಿಮ್ಮುಖವಾಗಿ ಬಾರದಂತೆ ತಡೆಯುವ ಚೆಕ್ ವಾಲ್ವ್, ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ನಾಬ್, ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಏರ್ ಸ್ಟೋನ್ ಅಥವಾ ಸ್ಪಾಂಜ್ ಫಿಲ್ಟರ್, ಕೊಳವೆ ಹಿಡಿಯಲು ಗಾಜಿಗೆ ಅಂಟುವ ರಬ್ಬರ್ ಬಟ್ಟಲು ಎರಡು. ಗಟ್ಟಿ ಪ್ಲಾಸ್ಟಿಕ್ ಕೊಳವೆ ಅಗ್ಗ, ಆದರೆ ವರ್ಷದೊಳಗೆ ಬಿರುಸಾಗಿ ಜೋಡಣೆಯಲ್ಲಿ ಬಿರುಕು ಬಿಡುತ್ತದೆ.

ಚೆಕ್ ವಾಲ್ವ್ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಅಂಗಡಿಯವರು ಕೇಳದಿದ್ದರೆ ಕೊಡುವುದಿಲ್ಲ, ಕೊಂಡವರೂ ದಂಡವೆಂದು ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಪಂಪ್ ತೊಟ್ಟಿಗಿಂತ ಕೆಳಗಿದ್ದು ಕರೆಂಟ್ ಹೋದರೆ ಕೊಳವೆಯಲ್ಲಿ ನೀರು ಹಿಮ್ಮುಖವಾಗಿ ಹರಿಯತೊಡಗುತ್ತದೆ. ಒಂದು ಮನೆಯಲ್ಲಿ ಮದುವೆಗೆ ಹೋಗಿ ಬರುವಷ್ಟರಲ್ಲಿ ಅರ್ಧ ತೊಟ್ಟಿ ನೆಲದ ಮೇಲಿತ್ತು. ಟೇಬಲ್ ಅಂಚಿನಿಂದ ಜೋತುಬಿದ್ದ ಕೊಳವೆಯ ತುದಿಯಿಂದ ಒಂದೊಂದೇ ಹನಿ ಇನ್ನೂ ಬೀಳುತ್ತಿತ್ತು, ಕೆಳಗೆ ಪಂಪ್ ಒದ್ದೆಯಾದ ಸ್ವಿಚ್ ಬೋರ್ಡಿನ ಪಕ್ಕ ಬಿದ್ದಿತ್ತು. ಅದನ್ನು ನೋಡಿದ ದಿನದಿಂದ ನಾನು ಪಂಪಿಗಿಂತ ಮೊದಲು ಚೆಕ್ ವಾಲ್ವ್ ಕೇಳುತ್ತೇನೆ.

## ಹಂತ 6: ಜೋಡಿಸುವ ಕ್ರಮ

1. ಪಂಪಿನ ಜಾಗ ನಿಗದಿ ಮಾಡಿ. ನೀರಿನ ಮಟ್ಟಕ್ಕಿಂತ ಮೇಲಿನ ಗೂಡು ಅಥವಾ ಕಪಾಟು ಅತ್ಯುತ್ತಮ. ಅಡುಗೆಮನೆಯ ಹೊಗೆ, ಊದುಬತ್ತಿ, ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ಔಷಧ ಇವುಗಳ ಹತ್ತಿರ ಖಂಡಿತ ಬೇಡ. ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ. ಸೊಳ್ಳೆ ಔಷಧಗಳಲ್ಲಿರುವ ಪೈರಿಥ್ರಾಯ್ಡ್ ಎಂಬ ಕೀಟನಾಶಕ ಮನುಷ್ಯರಿಗಿಂತ ಮೀನಿಗೆ ಬಹಳ ಹೆಚ್ಚು ವಿಷ. ಮನೆಗೆ ಬಣ್ಣ ಹೊಡೆಸುವ ದಿನ ಪಂಪನ್ನು ಕಿಟಕಿಯ ಬಳಿ, ಶುದ್ಧ ಗಾಳಿ ಸಿಗುವಲ್ಲಿಗೆ ಸ್ಥಳಾಂತರಿಸಿ.

2. ಚೆಕ್ ವಾಲ್ವಿನ ದಿಕ್ಕು ಪರೀಕ್ಷಿಸಿ. ಜೋಡಿಸುವ ಮೊದಲೇ ಬಾಯಿಂದ ಊದಿ ನೋಡಿ. ಒಂದು ಕಡೆಯಿಂದ ಊದಿದರೆ ಗಾಳಿ ಹೋಗುತ್ತದೆ, ಇನ್ನೊಂದು ಕಡೆಯಿಂದ ಹೋಗುವುದಿಲ್ಲ. ಗಾಳಿ ಹೋಗುವ ದಿಕ್ಕು ತೊಟ್ಟಿಯ ಕಡೆಗಿರಬೇಕು. ತಿರುಗುಮುರುಗಾಗಿ ಹಾಕಿ, ಗುಳ್ಳೆಯೇ ಬಾರದೆ, ಪಂಪ್ ಕೆಟ್ಟಿದೆಯೆಂದು ಅಂಗಡಿಗೆ ಹಿಂತಿರುಗಿಸಲು ಹೋದವರಿದ್ದಾರೆ.

3. ಸ್ಟೋನ್ ಅನ್ನು ನೆನೆಸಿ. ಹೊಸ ಏರ್ ಸ್ಟೋನನ್ನು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಟ್ಟರೆ ಗುಳ್ಳೆ ಸಣ್ಣದಾಗಿ, ಸಮನಾಗಿ ಬರುತ್ತದೆ.

4. ಪಂಪ್, ಕೊಳವೆ, ಚೆಕ್ ವಾಲ್ವ್, ನಾಬ್, ಮತ್ತೆ ಕೊಳವೆ, ಕೊನೆಗೆ ಸ್ಟೋನ್: ಇದು ಕ್ರಮ. ವಾಲ್ವ್ ತೊಟ್ಟಿಯ ಹೊರಗೇ ಇರಲಿ. ಕೊಳವೆ ಎಲ್ಲೂ ಮಡಚಿಕೊಳ್ಳಬಾರದು.

5. ಸ್ಟೋನನ್ನು ಫಿಲ್ಟರ್ ಇಲ್ಲದ ಬದಿಯಲ್ಲಿ, ಮಂಡಕ್ಕಿ ನಿಂತುಹೋದ ಆ ಮೂಲೆಯಲ್ಲಿ ಇಡಿ. ಸಣ್ಣ ಪಂಪಿಗೆ ಆಳ ಹೆಚ್ಚಾದಷ್ಟು ಗಾಳಿ ತಳ್ಳುವುದು ಕಷ್ಟ. ಗುಳ್ಳೆ ದುರ್ಬಲವಾದರೆ ಸ್ಟೋನನ್ನು ಒಂದೆರಡು ಅಂಗುಲ ಮೇಲೆತ್ತಿ ಕಟ್ಟಿ.

6. ವೈರು ಪ್ಲಗ್ಗಿಗೆ ಏರುವ ಮೊದಲು ಒಮ್ಮೆ ಕೆಳಗೆ ಜೋತು ಬೀಳುವಂತೆ ಬಿಡಿ. ವೈರಿನ ಮೇಲೆ ಜಾರಿದ ನೀರು ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ತೊಟ್ಟಿಗೆ ಕೈ ಹಾಕುವಾಗಲೆಲ್ಲ ಸ್ವಿಚ್ ಆರಿಸಿ.

7. ಸ್ವಿಚ್ ಹಾಕಿ, ನಾಬ್ ತಿರುಗಿಸುತ್ತ ಮೀನನ್ನು ನೋಡಿ. ಮೀನು ಒಂದೇ ಕಡೆ ನಿಂತು ಈಜಲು ಒದ್ದಾಡುತ್ತಿದ್ದರೆ ಗಾಳಿ ಹೆಚ್ಚಾಯಿತು. ಕೊನೆಗೆ ಮತ್ತೊಮ್ಮೆ ಮಂಡಕ್ಕಿ ಬಿಟ್ಟು ನೋಡಿ.

## ಹಂತ 7: ರಾತ್ರಿ ಆರಿಸಬೇಡಿ

ಹಗಲಿನಲ್ಲಿ ಬೆಳಕಿದ್ದಾಗ ಗಿಡ, ಪಾಚಿ ಆಮ್ಲಜನಕ ಕೊಡುತ್ತವೆ. ಕತ್ತಲಾದ ಮೇಲೆ ಅವೂ ಮೀನಿನಂತೆಯೇ ಆಮ್ಲಜನಕ ಬಳಸುತ್ತವೆ. ಫಿಲ್ಟರಿನಲ್ಲಿ ನೀರು ಶುದ್ಧಿ ಮಾಡುವ ಬ್ಯಾಕ್ಟೀರಿಯಾಗಳಿಗೂ ಅದು ಬೇಕು. ಹೀಗೆ ಇರುಳಿಡೀ ಖರ್ಚಾಗುತ್ತ ಸೂರ್ಯ ಹುಟ್ಟುವ ಮುನ್ನ ತೊಟ್ಟಿಯ ಆಮ್ಲಜನಕ ಅತ್ಯಂತ ಕೆಳಗಿರುತ್ತದೆ. ಮಲಗುವಾಗ ಸದ್ದಾಗುತ್ತದೆಂದು ಪಂಪ್ ಆರಿಸುವವರು ಅದು ಅತ್ಯಂತ ಅಗತ್ಯವಿರುವ ಹೊತ್ತಿನಲ್ಲೇ ಆರಿಸುತ್ತಿದ್ದಾರೆ.

ಸದ್ದಿಗೆ ಪರಿಹಾರವಿದೆ. ಪಂಪಿನ ಕೆಳಗೆ ನಾಲ್ಕು ಮಡಿಕೆಯ ಹಳೆಯ ಟವೆಲ್ ಅಥವಾ ಸ್ಪಾಂಜ್ ಹಾಕಿ. ಗೋಡೆಗೂ ಗಾಜಿಗೂ ತಾಗದಂತೆ ಇಡಿ. ಚೆನ್ನಾಗಿದ್ದ ಪಂಪ್ ಇದ್ದಕ್ಕಿದ್ದಂತೆ ಸದ್ದು ಮಾಡತೊಡಗಿದರೆ ಸ್ಟೋನ್ ಕಟ್ಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಬೋರ್‌ವೆಲ್ ನೀರಿನ ಗಡಸುತನದಿಂದ ಅದರ ರಂಧ್ರಗಳಲ್ಲಿ ಸುಣ್ಣ ಕೂರುತ್ತದೆ. ಒಂದು ರಾತ್ರಿ ನಿಂಬೆರಸ ಅಥವಾ ವಿನಿಗರ್ ಬೆರೆಸಿದ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಹಾಕಿ. ಅದಕ್ಕೂ ಬಗ್ಗದಿದ್ದರೆ ಹೊಸ ಸ್ಟೋನ್ ತನ್ನಿ. ಸ್ಟೋನ್ ಬದಲಿಸಿದರೂ ಗಾಳಿ ಬಾರದಿದ್ದರೆ ಪಂಪಿನೊಳಗಿನ ರಬ್ಬರ್ ಪೊರೆ ಹರಿದಿದೆ ಎಂದು ತಿಳಿಯಿರಿ. ಸ್ಪಾಂಜ್ ಇದ್ದರೆ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿ ತೊಳೆಯಿರಿ. ನಲ್ಲಿಯ ಕ್ಲೋರಿನ್ ನೀರು ಅದರಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

## ಹಂತ 8: ಅಪಾಯದ ಸೂಚನೆ ಕಂಡರೆ

ಮೀನುಗಳೆಲ್ಲ ಮೇಲ್ಮೈಗೆ ಬಂದು ಬಾಯಿ ಆಡಿಸುವುದು, ಕಿವಿರಿನ ಮುಚ್ಚಳ ಬಿರಬಿರನೆ ಬಡಿದುಕೊಳ್ಳುವುದು, ಫಿಲ್ಟರಿನ ಬಾಯಿಯ ಬಳಿ ಗುಂಪುಗೂಡುವುದು, ಆಹಾರ ಹಾಕಿದರೂ ತಿರುಗಿ ನೋಡದಿರುವುದು. ಬೆಳಗಿನ ಜಾವ ಹೆಚ್ಚಿದ್ದು ಹೊತ್ತೇರಿದಂತೆ ಸರಿಹೋದರೆ ಅದು ಆಮ್ಲಜನಕದ ಕೊರತೆಯೇ.

ತಕ್ಷಣ ಮಗ್ಗಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ, ಒಂದಡಿ ಎತ್ತರದಿಂದ ಮತ್ತೆ ತೊಟ್ಟಿಗೆ ಸುರಿಯಿರಿ. ಹತ್ತು ಹದಿನೈದು ನಿಮಿಷ ಬಿಡದೆ ಮಾಡಿ. ಮುಚ್ಚಳ ತೆಗೆದು ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ಓರೆಯಾಗಿ ತಿರುಗಿಸಿ. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ಆವಿಯಾಗುವಿಕೆಯಿಂದಲೇ ನೀರು ಎರಡು ಮೂರು ಡಿಗ್ರಿ ತಣಿಯುತ್ತದೆ. ಆ ದಿನ ಆಹಾರ ನಿಲ್ಲಿಸಿ. ಸತ್ತ ಮೀನು, ಕೊಳೆತ ಎಲೆ ಇದ್ದರೆ ತೆಗೆಯಿರಿ. ಕಾಲು ಭಾಗ ನೀರು ಬದಲಿಸಬಹುದು, ಆದರೆ ಸಂಪಿನಿಂದ ಆಗತಾನೆ ಎತ್ತಿದ ನೀರನ್ನು ಹಾಗೆಯೇ ಸುರಿಯಬೇಡಿ. ಬಕೆಟ್ಟಿನಲ್ಲಿ ಒಂದು ದಿನ ಇಟ್ಟ, ಅಥವಾ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ, ತೊಟ್ಟಿಯಷ್ಟೇ ಬಿಸಿಯಿರುವ ನೀರು ಬೇಕು. ಐಸ್ ಗಡ್ಡೆ ಹಾಕಲೇಬೇಡಿ. ಒಮ್ಮೆಲೇ ಬಿಸಿ ಇಳಿದರೆ ಮೀನು ಅದಕ್ಕೇ ಸಾಯುತ್ತದೆ.

ಹೀಗೆ ಜೋರಾಗಿ ಗಾಳಿ ಕೊಟ್ಟು ಒಂದು ಗಂಟೆಯಾದರೂ ಮೀನು ಚೇತರಿಸಿಕೊಳ್ಳದಿದ್ದರೆ ಪಂಪಿನ ಮೇಲೆ ಭಾರ ಹಾಕಿ ಕೂರಬೇಡಿ. ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ವಿಷಗಳಾದ ಅಮೋನಿಯ ಅಥವಾ ನೈಟ್ರೈಟ್ ಏರಿದಾಗ, ಕ್ಲೋರಿನ್ ಉಳಿದಿದ್ದಾಗ ಮೀನು ಇದೇ ರೀತಿ ಬಾಯಿ ಬಿಡುತ್ತದೆ. ನೈಟ್ರೈಟ್ ಮೀನಿನ ರಕ್ತವನ್ನೇ ಕೆಡಿಸಿ, ನೀರಿನಲ್ಲಿ ಆಮ್ಲಜನಕವಿದ್ದರೂ ಅದನ್ನು ಹೊತ್ತೊಯ್ಯದಂತೆ ಮಾಡುತ್ತದೆ. ಹೊಸದಾಗಿ ಜೋಡಿಸಿದ ತೊಟ್ಟಿಯಲ್ಲಿ, ಫಿಲ್ಟರನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದ ಮರುವಾರದಲ್ಲಿ ಇದು ಸಾಮಾನ್ಯ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್‌ನಿಂದ ಅಳೆಯಿರಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಿ.

## ಹಂತ 9: ಕರೆಂಟ್ ಹೋದಾಗ

ಫಿಲ್ಟರ್ ಚೆನ್ನಾಗಿದೆ, ಪಂಪ್ ಬೇಡವೆಂದು ನಾಲ್ಕನೆಯ ಹಂತದಲ್ಲಿ ತೀರ್ಮಾನಿಸಿದವರೂ ಈ ಹಂತಕ್ಕೆ ಒಂದು ಸಣ್ಣ ಬ್ಯಾಟರಿ ಪಂಪ್ ಇಟ್ಟುಕೊಳ್ಳಲೇಬೇಕು. ಮಳೆಗಾಲದ ಮೊದಲ ಗುಡುಗಿಗೆ, ಮಾರ್ಗ ದುರಸ್ತಿಯ ದಿನಕ್ಕೆ ನಾಲ್ಕೈದು ಗಂಟೆ ಕರೆಂಟ್ ಹೋಗುವುದು ಇಲ್ಲಿ ಇದ್ದದ್ದೇ. ಟಾರ್ಚ್ ಸೆಲ್ಲಿನಲ್ಲಿ ಓಡುವವು ಸಿಗುತ್ತವೆ, ಮೊಬೈಲ್ ಪವರ್ ಬ್ಯಾಂಕಿಗೆ ಚುಚ್ಚುವವೂ ಸಿಗುತ್ತವೆ. ಎರಡನೆಯದನ್ನು ಕೊಂಡರೆ ಮೊದಲೇ ಒಂದು ಗಂಟೆ ಓಡಿಸಿ ನೋಡಿ. ಪಂಪ್ ಎಳೆಯುವ ವಿದ್ಯುತ್ ತೀರಾ ಕಡಿಮೆಯೆಂದು ಕೆಲವು ಪವರ್ ಬ್ಯಾಂಕ್‌ಗಳು ತಾವಾಗಿಯೇ ಆರಿಹೋಗುತ್ತವೆ. ರಾತ್ರಿ ಎರಡು ಗಂಟೆಗೆ ಅದು ಗೊತ್ತಾಗುವುದು ಬೇಡ.

ಮನೆಯಲ್ಲಿ ಯುಪಿಎಸ್ ಇದ್ದರೆ ಪಂಪಿನ ಪ್ಲಗ್ಗನ್ನು ಅದರ ಸಾಲಿಗೆ ಸೇರಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಒಂದು ಎಲ್‌ಇಡಿ ಬಲ್ಬಿಗಿಂತ ಕಡಿಮೆ ಹೊರೆ ಅದು. ಎರಡೂ ಇಲ್ಲದವರು ಅರ್ಧ ಗಂಟೆಗೊಮ್ಮೆ ಐದು ನಿಮಿಷ ಮಗ್ಗಿನಿಂದ ನೀರೆತ್ತಿ ಸುರಿಯಬೇಕು.

ಕರೆಂಟ್ ಬಂದ ಕೂಡಲೇ ಎಲ್ಲ ಸ್ವಿಚ್ ಹಾಕುವ ಮುನ್ನ ಮುಚ್ಚಿದ ಡಬ್ಬಿಯ ಫಿಲ್ಟರ್ ಇದ್ದವರು ಒಂದು ನಿಮಿಷ ನಿಲ್ಲಿ. ನಾಲ್ಕೈದು ಗಂಟೆಗೂ ಹೆಚ್ಚು ಹೊತ್ತು ನಿಂತ ಫಿಲ್ಟರಿನೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗಿರಬಹುದು, ನೀರು ಕೊಳೆತಿರಬಹುದು. ಬಿಚ್ಚಿ, ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ನೀರನ್ನು ಚೆಲ್ಲಿ, ಸ್ಪಾಂಜನ್ನು ತೊಟ್ಟಿಯ ನೀರಿನಲ್ಲಿ ತೊಳೆದು, ಆಮೇಲೆ ಓಡಿಸಿ. ಮುಂದಿನ ಮೂರು ನಾಲ್ಕು ದಿನ ಆಹಾರ ಅರ್ಧ ಮಾಡಿ, ಬೆಳಗಿನ ಜಾವ ಎದ್ದು ಒಮ್ಮೆ ತೊಟ್ಟಿಯ ಕಡೆ ಟಾರ್ಚ್ ಹಾಕಿ ನೋಡಿ.